ಡಬ್ಬಿ ಅಂಗಡಿಯ ಬೀಗವೂ ಬೀಗವೇ

2025ರ ಮೇ ತಿಂಗಳಲ್ಲಿ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೋ ಬಂಗಾರ ಕಳುವಾಯಿತು. ಪೊಲೀಸರು ತಂಡ ಕಟ್ಟಿ ಬೆನ್ನು ಹತ್ತಿದರು. ಮುಂದಿನ ತಿಂಗಳೇ ಬಂಧನಗಳಾದವು. ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ತಿಕೋಟಾದಲ್ಲೋ ಬಬಲೇಶ್ವರದಲ್ಲೋ ನಮ್ಮ ಕೇರಿಯವನ ಚಹಾದಂಗಡಿ ಬೀಗ ಮುರಿದು ಸಿಲಿಂಡರು, ಗಲ್ಲಾಪೆಟ್ಟಿಗೆ ಹೊತ್ತೊಯ್ದರೆ?

"ನಿನ್ನ ಡಬ್ಬಿ ಅಂಗಡ್ಯಾಗ ಕದಿಯೂದು ಏನೈತಿ? ಸಾಹೇಬ್ರು ಇಲ್ಲ, ನಾಳೆ ಬಾ ಹೋಗ್."

ಅವನು ಹೋಗೋದಿಲ್ಲ. ನಾಳೆ ಅದೇ ಪೇದೆಗೆ ಚಹಾ ಕೊಡಬೇಕು, ಅದೂ ಪುಕ್ಕಟೆ! ಜಗಳ ತೆಗೆದರೆ ಅಂಗಡಿಯನ್ನೇ ಎತ್ತಿಸ್ಯಾರು ಎಂಬ ಅಂಜಿಕೆ.

ಗೆಳೆಯರೆ, ವಿಜಯಪುರದ ಹಾಸ್ಟೆಲುಗಳಲ್ಲಿ ಓದಿದ ನಾವು ಯಾತಕ್ಕಿದ್ದೇವೆ? ಬೀಗ ಮುರಿದು ಕದ್ದದ್ದು ಪೊಲೀಸರು ತಾವಾಗಿ ತನಿಖೆ ಮಾಡಬೇಕಾದ ಅಪರಾಧ. ಅಂಥ ದೂರಿಗೆ ಎಫ್‌ಐಆರ್ ಆಗಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಪ್ರತಿಗೆ ದುಡ್ಡಿಲ್ಲ. ಠಾಣೆಯವರು ಬರೆದುಕೊಳ್ಳದಿದ್ದರೆ ಅರ್ಜಿಯನ್ನು ಅಂಚೆಯಲ್ಲಿ ಎಸ್ಪಿಗೇ ಕಳಿಸಬಹುದು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದಿದೆ. ಜಾತಿ ಹಿಡಿದು ಬೈದು ಅಂಗಡಿ ಒಡೆದಿದ್ದರಂತೂ 1989ರ ದೌರ್ಜನ್ಯ ತಡೆ ಕಾಯ್ದೆಯಿದೆ.

ಇದನ್ನೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡ್ತೀವಿ. ರವಿವಾರ ಊರಿಗೆ ಹೋದಾಗ ಎರಡು ಹಾಳೆ ಒಯ್ಯೋಣ. ಅರ್ಜಿ ಬರೆದು, ಅಂಗಡಿಯವನ ಜೋಡಿ ಠಾಣೆಗೆ ಹೋಗಿ, ಪ್ರತಿ ಕೈಗೆ ಬರೋತನಕ ಅಲ್ಲೇ ಕೂಡೋಣ.