ಬೇರಿಂಗ್ ಕೂರಿಸಲು ಬಾರದ ಎಂಜಿನಿಯರ್‌ಗಳು

ಬೇರಿಂಗ್‌ನ ಆಯಸ್ಸು ಎಷ್ಟೆಂದು ಕೇಳಿ ನೋಡಿ, ಮೆಕ್ಯಾನಿಕಲ್ ಓದುವ ನಾವು ಥಟ್ಟನೆ ಸೂತ್ರ ಬರೆಯುತ್ತೇವೆ. ಬಾಲ್ ಬೇರಿಂಗ್ ಮೇಲೆ ಭಾರ ದುಪ್ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದು ನಮಗೆ ಬಾಯಿಪಾಠ. ಆದರೆ ಅದೇ ಬೇರಿಂಗ್ ಕೈಗೆ ಕೊಟ್ಟು ‘ಬಿಚ್ಚಿಟ್ಟ ಈ ಗೇರ್‌ಬಾಕ್ಸ್‌ಗೆ ಕೂರಿಸು’ ಎಂದರೆ? ನಮ್ಮಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಸುತ್ತಿಗೆಯನ್ನು!

ಎಡವಟ್ಟಾಗುವುದು ಅಲ್ಲೇ. ಗೇರ್‌ಬಾಕ್ಸ್‌ನ ಶಾಫ್ಟ್‌ಗೆ ಬಿಗಿಯಾಗಿ ಕೂರುವುದು ಬೇರಿಂಗ್‌ನ ಒಳ ರಿಂಗ್. ಒತ್ತುವಾಗ ಬಲ ಅದರ ಮೇಲೆಯೇ ಬೀಳಬೇಕು. ಹೊರ ರಿಂಗ್‌ಗೆ ಬಡಿದರೆ ಆ ಏಟು ಗುಂಡುಗಳ ಮೂಲಕ ಹಾದು, ಅವು ಉರುಳುವ ದಾರಿಯಲ್ಲಿ ಸಣ್ಣ ತಗ್ಗುಗಳನ್ನು ಮಾಡುತ್ತದೆ. ಅಂದು ಏನೂ ಗೊತ್ತಾಗದಿರಬಹುದು. ಗಾಡಿ ಓಡತೊಡಗಿದ ಮೇಲೆ ಗೊರಗೊರ ಸದ್ದು ಶುರು, ಗೇರ್‌ಬಾಕ್ಸ್ ಮತ್ತೆ ಬಿಚ್ಚಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ.

ರಜೆಯಲ್ಲಿ ನಾನು ಹೋಗುವ ಗ್ಯಾರೇಜಿನ ಮೆಕ್ಯಾನಿಕ್ ಎಸ್ಸೆಸ್ಸೆಲ್ಸಿ ದಾಟಿದವರಲ್ಲ. ಆದರೂ ಒಳ ರಿಂಗ್‌ಗಷ್ಟೇ ತಾಗುವ ಅಳತೆಯ ಪೈಪ್ ತುಂಡುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಬಿಗಿ ಹೆಚ್ಚಿದ್ದರೆ ಬೇರಿಂಗನ್ನು ಹೀಟರ್‌ನಲ್ಲಿ ಬಿಸಿ ಮಾಡುತ್ತಾರೆ, ನೇರ ಬೆಂಕಿ ತಾಗಿಸುವುದಿಲ್ಲ. 6205 ನಂಬರಿನ ಬೇರಿಂಗ್‌ನ ಒಳವ್ಯಾಸ 25 ಮಿ.ಮೀ. ಅದರ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ವ್ಯಾಸ ಸುಮಾರು 0.024 ಮಿ.ಮೀ. ಹಿಗ್ಗುತ್ತದೆ. ಶಾಫ್ಟ್ ಮೇಲೆ ಸಲೀಸಾಗಿ ಜಾರಲು ಸಾಮಾನ್ಯವಾಗಿ ಅಷ್ಟು ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವುದರಿಂದ, ಕೇಸಿಂಗ್ ಬೆಚ್ಚಗಾದರೆ ಹೊರ ರಿಂಗ್ ಕೂಡ ಬಡಿತವಿಲ್ಲದೆ ಕೂರುತ್ತದೆ. ಈ ಲೆಕ್ಕ ನಮಗೆ ಗೊತ್ತು, ಕೆಲಸ ಅವರಿಗೆ ಗೊತ್ತು. ಇಬ್ಬರೂ ಒಂದೇ ಮೇಜಿನ ಮುಂದೆ ನಿಲ್ಲುವುದೇ ಇಲ್ಲ.

ಹಲವು ಕಾಲೇಜುಗಳ ಲ್ಯಾಬ್‌ನಲ್ಲಿ ಅರ್ಧ ಕೊಯ್ದು ಬಣ್ಣ ಬಳಿದ ಗೇರ್‌ಬಾಕ್ಸ್ ಒಂದಿರುತ್ತದೆ. ಅದರ ಚಿತ್ರ ಬರೆದು ರೆಕಾರ್ಡ್‌ಗೆ ಸಹಿ ಹಾಕಿಸಿದರೆ ಪ್ರಾಕ್ಟಿಕಲ್ ಮುಗಿಯಿತು. ಅದರ ಬದಲು ಗುಜರಿಯಿಂದ ತಂದ ಒಂದು ಗೇರ್‌ಬಾಕ್ಸ್, ಒಂದು ಪುಲ್ಲರ್, ಒಂದು ಹ್ಯಾಂಡ್ ಪ್ರೆಸ್ ಕೊಡಲಿ. ಪ್ರತಿ ಬ್ಯಾಚ್ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಲಿ. ಕಲಿಸಲು ಅನುಭವಿ ಮೆಕ್ಯಾನಿಕ್‌ಗಳನ್ನು ಗೌರವಧನ ಕೊಟ್ಟು ಕರೆಯಲಿ. ಜೋಡಿಸಿದ ಶಾಫ್ಟ್ ಕೈಯಲ್ಲಿ ತಿರುಗಿಸಿದಾಗ ತಡೆಯಿಲ್ಲದೆ ತಿರುಗಿದರೆ ಮಾತ್ರ ಅಂಕ ಸಿಗಲಿ.

‘ಎಲೆಕ್ಟ್ರಿಕ್ ವಾಹನ ಬಂದ ಮೇಲೆ ಗೇರ್‌ಬಾಕ್ಸ್ ಯಾರಿಗೆ ಬೇಕು?’ ಎನ್ನುವ ಗೆಳೆಯರಿದ್ದಾರೆ. ಬಹುತೇಕ ಎಲೆಕ್ಟ್ರಿಕ್ ಕಾರುಗಳಲ್ಲೂ ಮೋಟಾರಿನ ವೇಗ ತಗ್ಗಿಸುವ ಗೇರ್‌ಗಳಿವೆ, ಅವಕ್ಕೂ ಬೇರಿಂಗ್ ಬೇಕು. ಎಂಜಿನ್ ಸದ್ದೇ ಇಲ್ಲದ ಕಾರಿನಲ್ಲಿ ಕೆಟ್ಟ ಬೇರಿಂಗ್‌ನ ಸದ್ದು ಇನ್ನೂ ಬೇಗ ಕಿವಿಗೆ ಬೀಳುತ್ತದೆ.

ಸಂದರ್ಶನದಲ್ಲಿ ‘ಏನು ಮಾಡಿದ್ದೀರಿ?’ ಎಂದು ಕೇಳಿದರೆ ಸರ್ಟಿಫಿಕೇಟ್‌ಗಳ ಪಟ್ಟಿ ಒಪ್ಪಿಸುವವರು ನೂರಾರು ಮಂದಿ. ‘ಒಂದು ಗೇರ್‌ಬಾಕ್ಸ್ ಬಿಚ್ಚಿ, ಬೇರಿಂಗ್ ಬದಲಿಸಿ, ಜೋಡಿಸಿದ್ದೇನೆ’ ಎನ್ನುವವರು ಎಷ್ಟು ಜನ? ಕಾಲೇಜು ಬದಲಾಗುವವರೆಗೆ ಕಾಯಬೇಕಿಲ್ಲ. ಸೆಮಿಸ್ಟರ್ ಮುಗಿದ ಕೂಡಲೇ ಹತ್ತಿರದ ಗ್ಯಾರೇಜಿಗೆ ಹೋಗಿ, ‘ಅಣ್ಣಾ, ಒಂದು ತಿಂಗಳು ಕೆಲಸ ಕಲೀತೀನಿ’ ಎಂದು ಕೇಳೋಣ.