ತಲೆಗೆ ಹತ್ತದ ವಿದ್ಯೆ

"ಈಕಿ ತಲಿಗೆ ವಿದ್ಯಾ ಹತ್ತಂಗಿಲ್ಲರೀ" ಎಂಬ ಮಾತು ನಮ್ಮ ಸೀಮೆಯಲ್ಲಿ ಬಹು ಹಳೆಯದು. ಬಾಗಲಕೋಟೆ, ಬಾದಾಮಿಗಳಿಂದಾಗಲಿ, ಹುನಗುಂದ, ಇಳಕಲ್ಲುಗಳಿಂದಾಗಲಿ ಮಗಳನ್ನು ಶಾಲೆಗೆ ಕರತರುವ ಪಾಲಕರಲ್ಲಿ ಒಬ್ಬಿಬ್ಬರಾದರೂ ಪ್ರತಿವರುಷವೂ ಈ ಮಾತನ್ನು ಆ ಹುಡುಗಿಯ ಎದುರಿನಲ್ಲಿಯೇ ಆಡುವದುಂಟು. ಮಾತು ಸಣ್ಣದು, ಅದರ ಫಲವು ಸಣ್ಣದಲ್ಲ. ಐದನೆಯ ಇಯತ್ತೆಯಲ್ಲಿ ಈ ಮಾತು ಹುಟ್ಟಿತೆಂದರೆ ಹತ್ತನೆಯ ಇಯತ್ತೆಯನ್ನು ಮುಟ್ಟುವದಕ್ಕೆ ಮುಂಚೆಯೇ ಹುಡುಗಿಯು ಶಾಲೆಯನ್ನು ಬಿಟ್ಟು ಮನೆಗೆಲಸಕ್ಕೋ ಮಗ್ಗದ ಕೆಲಸಕ್ಕೋ ಸೇರುವಳು. ಮದುವೆಯ ಪ್ರಸ್ತಾಪವೂ ಆಗಲೇ ಹೊರಡುವದು. ನಮ್ಮ ಅಭಿಪ್ರಾಯವೇನಂದರೆ, ದಡ್ಡಿ ಎನಿಸಿಕೊಂಡ ಹುಡುಗಿಯರಲ್ಲಿ ಅನೇಕರ ಬುದ್ಧಿಯಲ್ಲಿ ಯಾವ ಕುಂದೂ ಇಲ್ಲ. ಮಾತು ಮಿದುಳನ್ನು ಮುಟ್ಟುವ ದಾರಿಯಲ್ಲಿ ಎಲ್ಲಿಯೋ ಒಂದು ತಡೆಯುಂಟು. ಆ ತಡೆಯನ್ನು ಹುಡುಕದೆ ತಲೆಯ ಮೇಲೆ ತಪ್ಪು ಹೊರಿಸುವದು ಅನ್ಯಾಯವು.

ಆ ದಾರಿಯು ಎಂಥದೆಂಬದನ್ನು ತುಸು ವಿವರಿಸುವದು ಅವಶ್ಯ. ಗಾಳಿಯ ಕಂಪನವು ಕಿವಿಯ ತಮಟೆಯನ್ನು ಬಡಿದಾಗ ಅದರ ಹಿಂದಿರುವ ಮೂರು ಪುಟ್ಟ ಎಲುಬುಗಳು ಅಲುಗಾಡಿ, ಆ ಅಲುಗಾಟವನ್ನು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಒಳಗಿವಿಯ ದ್ರವಕ್ಕೆ ಒಪ್ಪಿಸುವವು. ಅಲ್ಲಿ ಒಂದೊಂದು ಕಿವಿಗೆ ಸುಮಾರು ೧೫,೦೦೦ ರೋಮಕೋಶಗಳು ಸಾಲಾಗಿ ನಿಂತಿರುವವು. ಸುರುಳಿಯ ಬುಡದಲ್ಲಿರುವವು ಕೀಚಲು ದನಿಯನ್ನೂ ತುದಿಯಲ್ಲಿರುವವು ಗಡಸು ದನಿಯನ್ನೂ ಹಿಡಿದು ವಿದ್ಯುತ್ಸಂಕೇತವಾಗಿ ಮಾರ್ಪಡಿಸುವವು. ಸುಮಾರು ೩೦,೦೦೦ ಎಳೆಗಳುಳ್ಳ ಜ್ಞಾನತಂತುವು ಆ ಸಂಕೇತವನ್ನು ಮಿದುಳಿನ ಕಾಂಡಕ್ಕೆ ಒಯ್ಯುವದು. ಅಲ್ಲಿಂದ ಮೇಲಕ್ಕೇರಿ ಅದು ಕಿವಿಗಳ ಮಟ್ಟದಲ್ಲಿರುವ ಮಿದುಳಿನ ಹೊರಪದರವನ್ನು ಮುಟ್ಟುವದು. ಕೇಳುವ ಕೆಲಸ ಮುಗಿಯುವದು ಅಲ್ಲಿಯೇ ಹೊರತು ಕಿವಿಯಲ್ಲಿ ಅಲ್ಲ. ತಾಯಿಯು ಆಡಿದ ಮಾತು ಮಗುವಿಗೆ ಮಾತಾಗಿ ತಿಳಿಯುವದಕ್ಕೆ ಇಷ್ಟು ಠಾಣೆಗಳನ್ನು ದಾಟಬೇಕು.

ಇದರಲ್ಲಿ ಪಾಲಕರು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದುಂಟು. "ನಮ್ಮ ಹುಡುಗಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಹಿಂದಿನಿಂದ ಕೂಗಿದರೆ ತಿರುಗಿ ನೋಡುತ್ತಾಳೆ, ತಾಟು ಬಡಿದರೆ ಬೆಚ್ಚುತ್ತಾಳೆ" ಎಂದು ಹೇಳುವವರು ಬಹಳ. ತಾಟಿನ ಪರೀಕ್ಷೆಯನ್ನು ನಾವು ಪರೀಕ್ಷೆಯೆಂದು ಎಣಿಸುವದಿಲ್ಲ. ಸ್ವರಾಕ್ಷರಗಳ ದನಿಯು ಗಡಸು ಹಾಗೂ ಬಲವುಳ್ಳದ್ದು. ಸ, ಶ, ಚ, ಕ, ತ ಮುಂತಾದ ವ್ಯಂಜನಗಳ ದನಿಯು ಕೀಚಲು ಹಾಗೂ ಸೂಕ್ಷ್ಮವಾದದ್ದು. ಸುರುಳಿಯ ಬುಡದ ಕೋಶಗಳು ಮಾತ್ರ ಕೆಟ್ಟ ಮಗುವಿಗೆ ಸಾಲು, ಕಾಲು, ಹಾಲು, ಪಾಲು ಎಂಬ ನಾಲ್ಕು ಮಾತುಗಳೂ ಸರಿಸುಮಾರು "ಆಲು" ಎಂದೇ ಕೇಳಿಸುವವು. ಕೂಗಿದರೆ ಅವಳು ತಿರುಗುವಳು, ನಿಜ. ಕಲಿಸಿದರೆ ಅವಳಿಗೆ ತಿಳಿಯದು, ಅದೂ ನಿಜ. ಎರಡನ್ನೂ ಕಂಡವರು "ಕಿವಿ ನೆಟ್ಟಗಿದೆ, ತಲೆ ಇಲ್ಲ" ಎಂದು ತೀರ್ಮಾನಿಸುವರು. ಇನ್ನು ಕೆಲವು ಮಕ್ಕಳಿಗೆ ಶೀತವಾಗಿ ನಡುಗಿವಿಯಲ್ಲಿ ನೀರು ನಿಂತು ಕೆಲವು ವಾರ ಮಂದವಾಗಿಯೂ ಕೆಲವು ವಾರ ಚೆನ್ನಾಗಿಯೂ ಕೇಳಿಸುವದು. ಇಂಥ ಮಗುವಿಗೆ "ಮನಸ್ಸಿದ್ದಾಗ ಓದುತ್ತಾಳೆ, ಇಲ್ಲದಾಗ ಇಲ್ಲ" ಎಂಬ ಅಪವಾದವು ತಪ್ಪದು. (ಕಾಸಿದ ಎಣ್ಣೆಯನ್ನು ಕಿವಿಗೆ ಹೊಯ್ಯುವ ಪದ್ಧತಿಯನ್ನು ಅಜ್ಜಿಯರು ದಯವಿಟ್ಟು ಬಿಡಬೇಕು.)

ಮಿದುಳಿನಲ್ಲಿ ಮಾತಿನ ಮನೆ ಎಲ್ಲಿದೆಯೆಂಬದನ್ನು ಮೊದಲು ತೋರಿಸಿಕೊಟ್ಟವರು ರೋಗಿಗಳೇ. ೧೮೬೧ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯನಾದ ಬ್ರೋಕಾ ಎಂಬವನು, "ತಾನ್" ಎಂಬ ಒಂದೇ ಸದ್ದನ್ನು ಆಡಬಲ್ಲ, ಆದರೆ ಆಡಿದ್ದನ್ನು ತಿಳಿಯಬಲ್ಲ ಒಬ್ಬ ರೋಗಿಯು ತೀರಿಕೊಂಡ ಬಳಿಕ ಅವನ ಮಿದುಳಿನ ಎಡಭಾಗದ ಮುಂದುಗಡೆ ಗಾಯವನ್ನು ಕಂಡನು. ೧೮೭೪ರಲ್ಲಿ ವೆರ್ನಿಕೆ ಎಂಬ ಜರ್ಮನ ವೈದ್ಯನು, ಸರಾಗವಾಗಿ ಮಾತಾಡಿಯೂ ಅರ್ಥವಿಲ್ಲದೆ ಮಾತಾಡುವ, ಪರರ ಮಾತನ್ನು ತಿಳಿಯಲಾರದ ರೋಗಿಗಳಲ್ಲಿ ಗಾಯವು ಎಡಗಡೆಯಲ್ಲಿಯೇ ಇನ್ನಷ್ಟು ಹಿಂದಕ್ಕೆ ಇರುವದನ್ನು ತಿಳಿಸಿದನು. ಮಾತು ಈ ಎರಡೇ ಕೋಣೆಗಳಲ್ಲಿ ಇಲ್ಲ, ಅನೇಕ ಭಾಗಗಳನ್ನು ಹೆಣೆದ ಬಲೆಯಲ್ಲಿ ಇದೆಯೆಂದು ಈಗ ತಿಳಿದುಬಂದಿದೆ. ಆದರೂ ಹೆಚ್ಚಿನವರಲ್ಲಿ ಅದರ ಭಾರವು ಎಡಗಡೆಗೇ. ಪಾರ್ಶ್ವವಾಯುವಿನಿಂದ ಮಾತು ಹೋದ ಹಿರಿಯರನ್ನು ಮನೆಯವರು ಹುಚ್ಚರಂತೆಯೋ ಕೂಸಿನಂತೆಯೋ ನಡಿಸುವದನ್ನು ಕಂಡು ನಾವು ನೊಂದದ್ದುಂಟು. ಮಾತು ಹೋದವರೆಲ್ಲರ ತಿಳಿವಳಿಕೆಯೂ ಹೋಗಿರುವದಿಲ್ಲ. ಮಾತಾಡಲಾರದವರು ಬಾಲ್ಯದ ಪದವೊಂದನ್ನು ತಪ್ಪಿಲ್ಲದೆ ಹಾಡುವದೂ ಉಂಟು. ಅದು ನಟನೆಯಲ್ಲ, ಹಾಡು ಮಿದುಳಿನ ಬಲಭಾಗದ ಸಹಾಯವನ್ನೂ ಪಡೆಯುವದು.

ಶಿಶುಗಳ ವಿಷಯಕ್ಕೆ ಬರೋಣ. ೧೯೮೪ರಲ್ಲಿ ಕೆನಡಾ ದೇಶದ ಜ್ಯಾನೆಟ್ ವರ್ಕರ್ ಎಂಬ ವಿದುಷಿಯು ತನ್ನ ಸಹೋದ್ಯೋಗಿಯೊಡನೆ ಪ್ರಕಟಿಸಿದ ಪ್ರಯೋಗವು ನಮಗೆ ಬಹು ಹತ್ತಿರವಾದದ್ದು, ಯಾಕಂದರೆ ಅದರಲ್ಲಿ ಪರೀಕ್ಷೆಗಿಟ್ಟದ್ದು ಹಿಂದೀ ಭಾಷೆಯ ತಕಾರ ಟಕಾರಗಳನ್ನು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳಿನ ಕೂಸುಗಳು ಈ ಎರಡರ ಭೇದವನ್ನು ಅರಿತವು; ಹತ್ತು ಹನ್ನೆರಡು ತಿಂಗಳಿನವುಗಳಲ್ಲಿ ಬಹುತೇಕ ಅರಿಯಲಾರದೆ ಹೋದವು. ಮನೆಯಲ್ಲಿ ಕೇಳದ ಭೇದವನ್ನು ಮಿದುಳು ಒಂದು ವರುಷ ತುಂಬುವದರೊಳಗೆ ಕಡೆಗಣಿಸುವದು, ಕೇಳಿದ ಭೇದವನ್ನು ಗಟ್ಟಿಮಾಡಿಕೊಳ್ಳುವದು. ಇಳಕಲ್ಲ ಎಂಬ ಊರಿನ ಹೆಸರೊಂದರಲ್ಲಿಯೇ ಳಕಾರವೂ ಲಕಾರವೂ ಇವೆ. ಆ ಹೆಸರನ್ನು ತೊಟ್ಟಿಲಲ್ಲಿ ಕೇಳಿ ಬೆಳೆದ ಮಗುವಿಗೆ ಅವುಗಳ ಭೇದವನ್ನು ಯಾವ ಮಾಸ್ತರನೂ ಕಲಿಸಬೇಕಾಗಿಲ್ಲ.

ಆದಕಾರಣ, ಇಂಗ್ಲಿಷ್ ಶಾಲೆಗೆ ಹಾಕುವೆವೆಂಬ ಆಸೆಯಿಂದ ಮನೆಯಲ್ಲಿ ಕನ್ನಡವನ್ನು ಬಿಟ್ಟು, ತಮಗೇ ಬಾರದ ಇಂಗ್ಲಿಷಿನ ಹತ್ತು ಮಾತುಗಳನ್ನು ಕೂಸಿನ ಎದುರು ಆಡುವ ತಾಯಂದಿರಿಗೆ ನಾವು ಹೇಳುವದೇನಂದರೆ: ಹತ್ತು ಮಾತುಗಳಿಂದ ಮಿದುಳು ಭಾಷೆಯನ್ನು ಕಟ್ಟಲಾರದು. ನಿಮ್ಮ ಬಾಯಲ್ಲಿ ಸರಾಗವಾಗಿ ಹರಿಯುವ ಭಾಷೆಯನ್ನೇ ಆಡಿರಿ. ಅದು ಕನ್ನಡವಿರಲಿ, ಉರ್ದುವಿರಲಿ, ಲಂಬಾಣಿಯಿರಲಿ. ಎರಡು ಭಾಷೆಗಳನ್ನು ತುಂಬ ಕೇಳಿ ಬೆಳೆದ ಮಗುವಿಗೆ ಯಾವ ಕೇಡೂ ಇಲ್ಲ. ಮೊಬೈಲ್ ಕೊಟ್ಟು ಸುಮ್ಮನಿರಿಸುವವರಿಗೂ ಒಂದು ಮಾತು. ೨೦೦೩ರಲ್ಲಿ ಅಮೆರಿಕೆಯ ಪೆಟ್ರೀಶಿಯಾ ಕೂಲ್ ಹಾಗೂ ಅವರ ಸಂಗಡಿಗರು, ಒಂಬತ್ತು ತಿಂಗಳಿನ ಕೂಸುಗಳು ಎದುರಿಗೆ ಕುಳಿತು ಆಡಿದವರಿಂದ ಚೀನೀ ಭಾಷೆಯ ದನಿಗಳನ್ನು ಕಲಿತವೆಂದೂ ಅದನ್ನೇ ಪರದೆಯ ಮೇಲೆ ತೋರಿಸಿದಾಗ ಕಲಿಯಲಿಲ್ಲವೆಂದೂ ಕಂಡರು. ಹಿತ್ತಲಲ್ಲಿ ಕುಳಿತು ಸೊಪ್ಪು ಸೋಸುತ್ತ ಮೊಮ್ಮಗಳೊಡನೆ ಹರಟುವ ಅಜ್ಜಿಯು ಪರದೆಗಿಂತ ದೊಡ್ಡ ಶಿಕ್ಷಕಿ.

ಓದಿನ ಕಥೆಯೇ ಬೇರೆ. ಮಾತಿನಂತೆ ಓದು ತಾನಾಗಿ ಬರುವದಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವು ಕೆತ್ತಲ್ಪಟ್ಟದ್ದು ಕ್ರಿ.ಶ. ೫೭೮ರಲ್ಲಿ, ಮನುಷ್ಯರು ಲೋಕದಲ್ಲಿ ಎಲ್ಲಿಯಾದರೂ ಬರೆಯತೊಡಗಿ ಸುಮಾರು ಐದು ಸಾವಿರ ವರುಷಗಳಾಗಿವೆ, ಅಷ್ಟೇ. ಇಷ್ಟು ಸ್ವಲ್ಪ ಕಾಲದಲ್ಲಿ ಓದುವದಕ್ಕಾಗಿಯೇ ಒಂದು ಅಂಗವು ಮಿದುಳಿನಲ್ಲಿ ಹುಟ್ಟಲಾರದು. ಆಕಾರಗಳನ್ನೂ ಮುಖಗಳನ್ನೂ ಗುರುತಿಸುವದಕ್ಕೆಂದು ಇದ್ದ ಎಡಗಡೆಯ ಹಿಂಭಾಗದ ಒಂದು ಪುಟ್ಟ ಸ್ಥಳವನ್ನು ಓದು ಎರವಲು ಪಡೆದು, ಅದನ್ನು ಮಾತಿನ ಬಲೆಗೆ ಜೋಡಿಸಿಕೊಳ್ಳುವದು. ಈ ಜೋಡಣೆಯು ವರುಷಗಳ ಕೆಲಸ. ನಮ್ಮ ಲಿಪಿಯಲ್ಲಂತೂ ಇನ್ನಷ್ಟು ಹೆಚ್ಚು. ಇಂಗ್ಲಿಷಿನ ಮಗುವು ೨೬ ಅಕ್ಷರಗಳನ್ನು ಗುರುತಿಸಿದರೆ, ಕನ್ನಡದ ಮಗುವು ೪೯ ಅಕ್ಷರಗಳೊಡನೆ ಕಾಗುಣಿತವನ್ನು ಕೂಡಿಸಿ ನಾನೂರಕ್ಕೂ ಮಿಕ್ಕ ಆಕಾರಗಳನ್ನು ಗುರುತಿಸಬೇಕು, ಒತ್ತಕ್ಷರಗಳು ಬೇರೆ. "ಧರ್ಮ" ಎಂಬುದರಲ್ಲಿ ಮೊದಲು ಉಚ್ಚರಿಸುವ ರಕಾರದ ಗುರುತು ಕಣ್ಣಿಗೆ ಮಕಾರದ ನಂತರ ನಿಂತಿರುವದು! ಬೆಂಗಳೂರಿನ ಸೋನಾಲಿ ನಾಗರವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಮಕ್ಕಳ ಅಕ್ಷರಜ್ಞಾನವು ನಾಲ್ಕನೆಯ ಇಯತ್ತೆಯಲ್ಲಿಯೂ ಬೆಳೆಯುತ್ತಲೇ ಇರುವದು ಕಂಡುಬಂದಿತು. ಎರಡನೆಯ ಇಯತ್ತೆಯಲ್ಲಿ ಒತ್ತಕ್ಷರಕ್ಕೆ ತೊಡರುವವಳು ದಡ್ಡಿಯಲ್ಲ. ದಾರಿಯ ನಡುವೆ ಇದ್ದಾಳೆ. ಉಳಿದೆಲ್ಲದರಲ್ಲಿ ಜಾಣೆಯಾಗಿದ್ದು ವರುಷಗಳ ಮೇಲೆಯೂ ಅಕ್ಷರವೇ ಬಾರದಿದ್ದರೆ ಅದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರುಂಟು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅದನ್ನು ಗಣನೆಗೆ ತೆಗೆದುಕೊಂಡಿದೆ. ಅಂಥ ಹುಡುಗಿಯು ಪರೀಕ್ಷೆಯಲ್ಲಿ ಹೆಚ್ಚಿನ ವೇಳೆಯನ್ನು ಕೇಳುವದು ಭಿಕ್ಷೆಯಲ್ಲ.

ನಮ್ಮ ಓದುಗರ ಮನೆಗಳಲ್ಲಿ ಅಕ್ಷರ ಕಲಿಯದ ತಾಯಂದಿರೂ ಅತ್ತೆಯರೂ ಇರುವರು. "ಈ ವಯಸ್ಸಿನಲ್ಲಿ ಏನು" ಎನ್ನುವವರಿಗೆ ಲಖನೌದ ಸುತ್ತಲಿನ ಹಳ್ಳಿಗಳ ಸ್ತ್ರೀಯರ ಸಮಾಚಾರವನ್ನು ಹೇಳಬೇಕು. ಸುಮಾರು ಮೂವತ್ತು ವಯಸ್ಸಿನ, ಓದು ಬಾರದ ಆ ಹೆಂಗಸರಿಗೆ ಆರು ತಿಂಗಳು ದೇವನಾಗರಿಯನ್ನು ಕಲಿಸಿ, ಮೊದಲೂ ಆಮೇಲೂ ಅವರ ಮಿದುಳಿನ ಚಿತ್ರಗಳನ್ನು ತೆಗೆಯಲಾಯಿತು. ೨೦೧೭ರಲ್ಲಿ ಪ್ರಕಟವಾದ ವರದಿಯಂತೆ, ಮಿದುಳಿನ ಒಳಗಣ ದೃಷ್ಟಿಕೇಂದ್ರಗಳಿಗೂ ಹೊರಪದರಕ್ಕೂ ಇರುವ ಹೊಂದಾಣಿಕೆಯು ಅಷ್ಟರಲ್ಲಿಯೇ ಬಲಗೊಂಡಿತ್ತು.

ಕೈಯ ವಿಷಯವಾಗಿ ಒಂದೆರಡು ಮಾತು. ೧೯೩೭ರಲ್ಲಿ ಮಾಂಟ್ರಿಯಲ್ಲಿನ ಪೆನ್‌ಫೀಲ್ಡ್ ಎಂಬ ವೈದ್ಯನು ಮಿದುಳಿನ ಹೊರಪದರದಲ್ಲಿ ದೇಹದ ನಕ್ಷೆಯನ್ನು ಗುರುತಿಸಿದಾಗ, ಬೆನ್ನಿಗೆ ಸ್ವಲ್ಪವೇ ಜಾಗವಿದ್ದು ಬೆರಳುಗಳಿಗೂ ತುಟಿಗಳಿಗೂ ವಿಸ್ತಾರವಾದ ಜಾಗವಿರುವದು ಕಂಡುಬಂದಿತು. ಇಳಕಲ್ಲ ಸೀರೆಯ ಒಡಲಿನ ಹಾಸಿಗೆ ಕೆಂಪು ರೇಶಿಮೆಯ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಬೆರಳುಗಳನ್ನೂ, ಎಳೆಗಳನ್ನು ಎಣಿಸುತ್ತ ಎರಡೂ ಮಗ್ಗಲು ಒಂದೇ ತೆರನಾಗಿ ಗವಂತಿ ಕಸೂತಿಯನ್ನು ಹಾಕುವ ಬೆರಳುಗಳನ್ನೂ ನೋಡಿರಿ. ಎಣಿಕೆ, ನೆನಪು, ಎಚ್ಚರ, ಮುಂದಾಲೋಚನೆ ಇವೆಲ್ಲವೂ ಅಲ್ಲಿವೆ. "ತಲೆಯಿಲ್ಲದ" ಹುಡುಗಿಯು ಇದನ್ನು ಮಾಡಬಲ್ಲಳೋ? ಆದರೆ ಇದನ್ನೇ ನೆವಮಾಡಿ "ಹಾಗಾದರೆ ಅವಳಿಗೆ ಮಗ್ಗವೇ ಸರಿ" ಎನ್ನುವವರೊಡನೆ ನಾವು ಸಮ್ಮತಿಸೆವು. ಅಷ್ಟು ಬಲ್ಲ ಮಿದುಳಿಗೆ ಓದು ಯಾಕೆ ತಲುಪಲಿಲ್ಲವೆಂದು ಕೇಳುವದು ನ್ಯಾಯವು.

ಮಗ್ಗವೆಂದಮೇಲೆ ಅದರ ಸದ್ದನ್ನೂ ಹೇಳಬೇಕಾಯಿತು. ಇಳಕಲ್ಲ, ಗುಳೇದಗುಡ್ಡಗಳ ಅನೇಕ ಮನೆಗಳಲ್ಲಿ ಈಗ ವಿದ್ಯುತ್ತಿನ ಮಗ್ಗಗಳು ನಡೆಯುತ್ತವೆ. ದಿನಕ್ಕೆ ಎಂಟು ತಾಸು ೮೫ ಡೆಸಿಬಲ್ಲಿಗಿಂತ ಮೇಲಣ ಸದ್ದನ್ನು ವರುಷಗಟ್ಟಲೆ ಕೇಳಿದರೆ ರೋಮಕೋಶಗಳು ಸಾಯುವವು. ಸತ್ತ ರೋಮಕೋಶವು ಮನುಷ್ಯರಲ್ಲಿ ಮತ್ತೆ ಹುಟ್ಟುವದಿಲ್ಲ. ಕಲ್ಲಿನ ಗಣಿಗಳಲ್ಲಿ ದುಡಿಯುವವರಿಗೂ ಇದೇ ಗತಿ. ದುಡಿಯುವವರಿಗೆ ಕಿವಿಗೆ ಹಾಕುವ ಮುಚ್ಚಳಗಳು ಅಲ್ಪ ಬೆಲೆಗೆ ಸಿಕ್ಕುತ್ತವೆ. ಮಗ್ಗದ ಕೋಣೆಯಲ್ಲಿ ತೊಟ್ಟಿಲನ್ನು ಕಟ್ಟುವದನ್ನಂತೂ ಇಂದೇ ನಿಲ್ಲಿಸಬೇಕು. ಕೋಶಗಳು ಉಳಿದರೂ ಆ ಗದ್ದಲದಲ್ಲಿ ಕೂಸಿಗೆ ತಾಯಿಯ ಮಾತು ಸ್ಪಷ್ಟವಾಗಿ ಕೇಳಿಸದು, ಕೇಳಬೇಕಾದ ವರುಷವೋ ಅದೊಂದೇ.

ಇನ್ನೊಂದು ಮಾತನ್ನು ಹೇಳಿದರೆ ಕೆಲವರು ಮುನಿಯುವರು; ಮುನಿದರೂ ಹೇಳುವೆವು. ಹುಟ್ಟುಕಿವುಡು ಎಷ್ಟೋ ಸಾರೆ ವಂಶದಿಂದ ಬರುವದು. ತಂದೆತಾಯಿಗಳಿಬ್ಬರಿಗೂ ಕಿವಿ ಚೆನ್ನಾಗಿದ್ದರೂ, ಇಬ್ಬರಲ್ಲಿಯೂ ಅದೇ ದೋಷದ ಒಂದೊಂದು ಪ್ರತಿ ಅಡಗಿದ್ದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಿವುಡುತನದ ಸಂಭವವಿರುವದು. ಒಂದೇ ವಂಶದವರಲ್ಲಿ ಅದೇ ದೋಷವು ಇಬ್ಬರಲ್ಲಿಯೂ ಇರುವ ಸಂಭವವು ಹೆಚ್ಚು. ಸೋದರಮಾವನಿಗೆ ಮಗಳನ್ನು ಕೊಡುವ ರೂಢಿಯು ನಮ್ಮಲ್ಲಿ ಇನ್ನೂ ಉಂಟಷ್ಟೆ. ಮನೆತನದಲ್ಲಿ ಕಿವುಡು ಮಕ್ಕಳು ಹುಟ್ಟಿದ್ದರೆ ಮದುವೆಗೆ ಮುಂಚೆ ವೈದ್ಯರನ್ನು ಕೇಳಿರಿ. ಹುಟ್ಟಿದ ಮೇಲೆ ತಾಯಿಯನ್ನು ದೂರಬೇಡಿರಿ.

ಮಾಡತಕ್ಕದ್ದೇನು? ಕೂಸಿನ ಕಿವಿಯನ್ನು ಮೊದಲ ತಿಂಗಳಲ್ಲಿಯೇ ಪರೀಕ್ಷಿಸಿ, ಸಂಶಯವಿದ್ದರೆ ಮೂರು ತಿಂಗಳೊಳಗೆ ನಿಶ್ಚಯಿಸಿ, ಆರು ತಿಂಗಳೊಳಗೆ ಉಪಾಯವನ್ನು ಆರಂಭಿಸಬೇಕೆಂಬದು ಲೋಕದಲ್ಲಿ ಈಗ ಒಪ್ಪಿಗೆಯಾದ ಕ್ರಮವು. ಮಲಗಿದ ಕೂಸಿನ ಕಿವಿಯಲ್ಲಿ ಒಂದು ಚಿಕ್ಕ ಸಾಧನವನ್ನಿಟ್ಟು ಕೆಲವೇ ನಿಮಿಷಗಳಲ್ಲಿ ನೋಡಬಹುದು, ನೋವಿಲ್ಲ. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಗೆ ನಮ್ಮ ನಾಡಿನ ದೊಡ್ಡ ಮನೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ೧೮ ವರುಷಗಳ ವರೆಗಿನ ಮಕ್ಕಳ ತಪಾಸಣೆಯುಂಟು, ಕಿವುಡುತನವೂ ಅದರಲ್ಲಿ ಸೇರಿದೆ. ಹುಟ್ಟುಕಿವುಡಾದ ಬಡಮಕ್ಕಳಿಗೆ ಕಾಕ್ಲಿಯಾ ಕಸಿಯನ್ನು ಸರಕಾರವು ತನ್ನ ವೆಚ್ಚದಿಂದ ಮಾಡಿಸುವದುಂಟು; ಆದರೆ ಕಿವಿಯ ಸುದ್ದಿಯೇ ಬಾರದ ಮಿದುಳಿನ ಭಾಗವು ಮೂರು ನಾಲ್ಕು ವರುಷ ಕಾದು ಬೇರೆ ಕೆಲಸಗಳಿಗೆ ಒಗ್ಗಿಹೋಗುವದರಿಂದ, ತಡಮಾಡಿದವರಿಗೆ ಫಲವು ಕಡಿಮೆ. ಕಸಿಯು ಒಗ್ಗದ ಮಕ್ಕಳಿಗೆ ಕೈಸನ್ನೆಯ ಭಾಷೆಯುಂಟು. ಅದನ್ನೂ ಮಿದುಳು ಎಡಗಡೆಯ ಅದೇ ಮಾತಿನ ಬಲೆಯಲ್ಲಿಯೇ ನಡಿಸುವದು. ಅದನ್ನು ಮೂಕರ ಆಟವೆಂದು ಹಾಸ್ಯಮಾಡುವವರು ಇದನ್ನು ತಿಳಿಯಲಿ.

ನಮ್ಮ ಶಾಲೆಯ ಮಟ್ಟಿಗೆ ಪಾಲಕರಲ್ಲಿ ಇಷ್ಟು ವಿನಂತಿ. ಪ್ರವೇಶಪತ್ರದೊಡನೆ ಹುಡುಗಿಯ ಕಿವಿ ಹಾಗೂ ಕಣ್ಣುಗಳ ಪರೀಕ್ಷೆಯ ಚೀಟಿಯನ್ನು ತರಬೇಕು. ಬೇಸಿಗೆಯಲ್ಲಿ ಮಾಡಿಸಿದ ಒಂದೇ ಚೀಟಿ ಸಾಲದು. ಶೀತದ ಮಕ್ಕಳಿಗೆ ದೀಪಾವಳಿಯ ರಜೆಯಲ್ಲಿ ಇನ್ನೊಮ್ಮೆ ಮಾಡಿಸಿರಿ. ಮಂದವಾಗಿ ಕೇಳುವವರಿಗೆ ಮುಂದಿನ ಬೆಂಚನ್ನು ಕೊಡುವದೂ, ಹಲಗೆಯ ಕಡೆಗೆ ಮುಖಮಾಡಿ ಪಾಠ ಹೇಳದಿರುವದೂ ಶಿಕ್ಷಕಿಯರ ಕೆಲಸ. ಅದನ್ನು ನಾವು ನೋಡಿಕೊಳ್ಳುವೆವು.