ವೈದ್ಯಪದವಿಯ ವ್ಯಾಮೋಹ



ವರ್ಷವರ್ಷವೂ ನೀಟ್ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುವಾರದಿಂದ ಮಠದ ಪಡಸಾಲೆಯಲ್ಲಿ ಒಂದೇ ಮಾತು. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯಿಂದ ಬರುವ ಭಕ್ತರು ಪಾದಕ್ಕೆರಗಿ ಮೇಲೇಳುವ ಮೊದಲೇ, "ಬುದ್ಧಿ, ಮಗನಿಗೆ ಅಂಕ ಕಡಿಮೆಯಾಯಿತು, ಎಲ್ಲಿಯಾದರೂ ಒಂದು ಸೀಟು ಕೊಡಿಸಬೇಕು" ಎಂದು ಕೈಮುಗಿಯುತ್ತಾರೆ. ಹುಡುಗನಾದರೋ ಕಂಬದ ಮರೆಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ. ಅವನನ್ನು ಯಾರೂ ಏನನ್ನೂ ಕೇಳಿರುವುದಿಲ್ಲ.

2025ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಭಕ್ತರೊಬ್ಬರು ಹೀಗೆಯೇ ಬಂದರು. ಮಗನಿಗೆ ಬಂದ ಅಂಕಗಳು 720ಕ್ಕೆ 168. ದಲ್ಲಾಳಿಯೊಬ್ಬನು, "ನಿಮ್ಮ ಹುಡುಗ ಅರ್ಹನಾಗಿದ್ದಾನೆ, ಹಣವೊಂದು ಹೊಂದಿಸಿರಿ" ಎಂದು ಹೇಳಿದ್ದನಂತೆ. ಅರಿಶಿನ ಬೆಳೆಯುವ ಎರಡೆಕರೆ ನೀರಾವರಿ ಹೊಲದ ಪತ್ರ ಅವರ ಕೈಚೀಲದಲ್ಲಿತ್ತು.

ಈ 'ಅರ್ಹ' ಎಂಬ ಶಬ್ದದಷ್ಟು ನಮ್ಮ ರೈತರನ್ನು ವಂಚಿಸಿದ ಶಬ್ದ ಮತ್ತೊಂದಿಲ್ಲ. ಆ ವರ್ಷ ಪರೀಕ್ಷೆ ಬರೆದವರು ಸುಮಾರು 22 ಲಕ್ಷ, ಅರ್ಹರೆನಿಸಿಕೊಂಡವರು 12 ಲಕ್ಷಕ್ಕೂ ಮಿಗಿಲು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಸುಮಾರು 1 ಲಕ್ಷ 20 ಸಾವಿರ, ಅವುಗಳಲ್ಲಿ ಸರ್ಕಾರಿ ಕಾಲೇಜುಗಳವು ಹೆಚ್ಚುಕಡಿಮೆ ಅರ್ಧ. ಸಾಮಾನ್ಯ ವರ್ಗದವರಿಗೆ ಅರ್ಹತೆಯ ಗೆರೆ 144 ಅಂಕಗಳು, ಎಂದರೆ ನೂರಕ್ಕೆ ಇಪ್ಪತ್ತು. ಹಾಗಾದರೆ ಅರ್ಹತೆಯೆಂಬುದು ಸೀಟಿನ ಭರವಸೆಯಲ್ಲ, ಸಾಲಿನಲ್ಲಿ ನಿಲ್ಲಲು ಸಿಕ್ಕ ಅಪ್ಪಣೆ ಮಾತ್ರ. ಹತ್ತು ಮಂದಿ ನಿಂತ ಸಾಲಿನಲ್ಲಿ ಒಂದೇ ಎಲೆ ಹಾಕಿದ್ದಾರೆ. ಹಿಂದೆ ನಿಂತವನಿಗೆ ಎಲೆ ಸಿಗಬೇಕಾದರೆ ಮುಂದಿನವರು ಹಣವಿಲ್ಲದೆ ಎದ್ದು ಹೋಗಬೇಕು. ದಲ್ಲಾಳಿಯ ವ್ಯಾಪಾರವೆಲ್ಲ ಈ ಸಂದಿನಲ್ಲಿಯೇ ನಡೆಯುತ್ತದೆ.

ಇಲ್ಲಿ ಸಿಗದಿದ್ದರೆ ವಿದೇಶವಿದೆಯಲ್ಲವೇ ಎನ್ನುವವರುಂಟು. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ತೊಡಗಿದಾಗ ಅಲ್ಲಿ ನಮ್ಮ ದೇಶದ ಸುಮಾರು 20 ಸಾವಿರ ವಿದ್ಯಾರ್ಥಿಗಳಿದ್ದರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಪ್ರಾಣವನ್ನೇ ಕಳೆದುಕೊಂಡನು. ಯುದ್ಧವಿಲ್ಲದ ದೇಶಕ್ಕೇ ಹೋಗಿ ಬಂದರೂ ಇಲ್ಲಿ ವೃತ್ತಿ ನಡೆಸಲು ಮತ್ತೊಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಪರೀಕ್ಷೆಯಲ್ಲಿ ಹತ್ತರಲ್ಲಿ ಏಳೆಂಟು ಮಂದಿ ಅನುತ್ತೀರ್ಣರಾದ ವರ್ಷಗಳು ಅನೇಕ. ಹೊಲ ಮಾರಿಸುವವನು ಇದನ್ನು ಹೇಳುವನೇ?

"ಜಿಲ್ಲೆಗೆ ವೈದ್ಯರು ಬೇಡವೇ?" ಎಂದು ನೀವು ಕೇಳಬಹುದು. ಬೇಕು, ಅಗತ್ಯವಾಗಿ ಬೇಕು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ನೆಲೆಸಿದುದನ್ನು ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. ಆದರೆ ಕೋಟಿ ಕೊಟ್ಟು ಪದವಿ ಕೊಂಡವನು ಬೆಟ್ಟ ಹತ್ತುವನೆಂದು ನಂಬುವಷ್ಟು ಮುಗ್ಧರು ನಾವಲ್ಲ. ಅವನಿಗೆ ಹೊಲದ ಬೆಲೆ ಮರಳಿ ಬರಬೇಕಾಗಿದೆ; ಅದನ್ನು ಕೊಡತಕ್ಕವನು ಯಾರೋ ಮತ್ತೊಬ್ಬ ರೈತ. ಇನ್ನೊಂದು ಮಾತು. 2021ರ ಮೇ ತಿಂಗಳ ಮೊದಲಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಮೃತಪಟ್ಟರು. ಆಗ ಅಲ್ಲಿ 2016ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇತ್ತು, ವೈದ್ಯರಿದ್ದರು. ಸಾಲದೆ ಹೋದದ್ದು ಆಮ್ಲಜನಕ. ದಾದಿ, ಔಷಧಜ್ಞ, ಪ್ರಯೋಗಾಲಯದ ತಂತ್ರಜ್ಞ, ಆಮ್ಲಜನಕದ ಲೆಕ್ಕವಿಡುವವನು, ಇವರೆಲ್ಲರೂ ಸೇರಿದರೆ ಮಾತ್ರ ಆಸ್ಪತ್ರೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ತಲೆದೂಗುವ ನಾವು, ಮಗನು ನರ್ಸಿಂಗ್ ಓದುವೆನೆಂದರೆ ಮುಖ ತಿರುಗಿಸುತ್ತೇವೆ.

ಮಠಗಳವರಾದ ನಾವೂ ನಿರ್ದೋಷಿಗಳಲ್ಲ. ಬಡಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಪರಂಪರೆ ಕಾಲಕ್ರಮದಲ್ಲಿ ವೈದ್ಯಕೀಯ ಕಾಲೇಜುಗಳನ್ನೂ ಕಟ್ಟಿತು, ಸಂತೋಷವೇ. ಆದರೆ ಪ್ರಸಾದನಿಲಯದಲ್ಲಿ ಉಂಡು ಬೆಳೆದ ಹುಡುಗನ ತಂದೆ ಆ ಕಾಲೇಜುಗಳ ಶುಲ್ಕದ ಪಟ್ಟಿಯನ್ನು ಓದಬಲ್ಲನೇ ಎಂಬ ಪ್ರಶ್ನೆಯನ್ನು ನಾವು ನಮ್ಮನಮ್ಮಲ್ಲಿ ಎತ್ತುವುದು ಕಡಿಮೆ.

ಹಾಗೆಂದು ಕಡಿಮೆ ಅಂಕ ಬಂದವರೆಲ್ಲ ಆಸೆ ಬಿಡಬೇಕೆಂದು ನಾವು ಹೇಳುವುದಿಲ್ಲ. ಪೂರ್ವಾಶ್ರಮದಲ್ಲಿ ನಾವೇ ಪಿ.ಯು.ಸಿ.ಯ ಭೌತಶಾಸ್ತ್ರದಲ್ಲಿ ಒಮ್ಮೆ ನಪಾಸಾದವರು. ಇಷ್ಟು ಸಲವೇ ಬರೆಯಬೇಕೆಂಬ ಮಿತಿ ನೀಟ್‌ಗೆ ಇಲ್ಲ, ಕನ್ನಡದಲ್ಲಿಯೂ ಬರೆಯಬಹುದು. ಹಳ್ಳಿಯಲ್ಲಿ ಹತ್ತು ವರ್ಷ ಓದಿದವರಿಗೂ ಕನ್ನಡ ಮಾಧ್ಯಮದವರಿಗೂ ರಾಜ್ಯದ ಸೀಟುಗಳಲ್ಲಿ, ನಿಯಮಕ್ಕೊಳಪಟ್ಟು, ಮೀಸಲಾತಿ ಉಂಟು. ಗೆರೆಯ ಸಮೀಪಕ್ಕೆ ಬಂದು ತಪ್ಪಿದವನು, ಅದರಲ್ಲಿಯೂ ತಾನಾಗಿ "ಇನ್ನೊಮ್ಮೆ ಬರೆಯುತ್ತೇನೆ" ಎನ್ನುವವನು, ಒಂದು ವರ್ಷ ಕೂತು ಓದಲಿ. ಮನೆಯವರು ಹಂಗಿಸದೆ ಅನ್ನವಿಡಲಿ. ಅದಕ್ಕೆ ಹೊಲ ಮಾರಬೇಕಾಗಿಲ್ಲ. 168 ಬಂದವನನ್ನು ಅಪ್ಪನ ಆಸೆಗಾಗಿ ಮೂರು ವರ್ಷ ಕೋಚಿಂಗ್ ಕೋಣೆಯಲ್ಲಿ ಕೂಡಿಹಾಕುವುದು ಬೇರೆ ಮಾತು.

ಆ ದಿನ ನಾವು ಹುಡುಗನನ್ನು ಹತ್ತಿರ ಕರೆದು, "ನಿನಗೇನು ಬೇಕಪ್ಪ?" ಎಂದು ಕೇಳಿದೆವು. ಬಹಳ ಹೊತ್ತಿನ ಮೇಲೆ, "ನನಗಿಂತ ತಂಗಿ ಚೆನ್ನಾಗಿ ಓದುತ್ತಾಳೆ ಬುದ್ಧಿ, ಮುಂದಿನ ವರ್ಷ ಅವಳು ನೀಟ್ ಬರೆಯಬೇಕೆಂದಿದ್ದಾಳೆ" ಎಂದನು. ತಂದೆ ಬೆಚ್ಚಿ ಮಗನ ಮುಖ ನೋಡಿದರು. ಅವಳಿಗೆ ಗಂಡು ನೋಡುತ್ತಿರುವುದಾಗಿ ಅವರೇ ಸ್ವಲ್ಪ ಮುಂಚೆ ನಮಗೆ ಹೇಳಿದ್ದರು. "ಈ ವರ್ಷ ಹೊಲ ಮಾರಿದರೆ ಆ ಮಗುವಿಗೆ ಏನು ಉಳಿಸುತ್ತೀರಿ?" ಎಂದೆವು. ಅವರು ಉತ್ತರ ಕೊಡಲಿಲ್ಲ. ಪತ್ರವನ್ನು ಮಡಿಚಿ ಚೀಲದೊಳಗಿಟ್ಟರು. ಮುಂದಿನ ಅಮಾವಾಸ್ಯೆಗೆ ಮಗಳನ್ನೂ ಕರೆತರುವಂತೆ ಹೇಳಿ ಕಳುಹಿಸಿದೆವು.